ರಂಗಮಂದಿರದ ನೆರೆಯ ಭೋಜನಶಾಲೆಗಳು: ನ್ಯೂಯಾರ್ಕಿನ ಬ್ರಾಡ್‌ವೇ ಪ್ರದೇಶದ ಒಂದು ಚಾರಿತ್ರಿಕ ಸಮೀಕ್ಷೆ

ಮಹಾನಗರಗಳಿಗೆ ಹೋಗುವ ಪ್ರವಾಸಿಯ ಕೈಯಲ್ಲಿ ಸಾಮಾನ್ಯವಾಗಿ ಒಂದು ಕೈಪಿಡಿ ಇರುತ್ತದೆ. ಇಂಥ ರಂಗಮಂದಿರದಲ್ಲಿ ನಾಟಕವನ್ನು ನೋಡಬೇಕು, ಅದಕ್ಕೆ ಮುನ್ನ ಅಥವಾ ಅನಂತರ ಇಂಥ ಭೋಜನಶಾಲೆಯಲ್ಲಿ ಊಟ ಮಾಡಬೇಕು ಎಂದು ಅದು ಸಲಹೆ ಮಾಡುತ್ತದೆ. ಪ್ರವಾಸ ಮುಗಿದೊಡನೆ ಆ ಕೈಪಿಡಿ ಮೂಲೆಗೆ ಸೇರುತ್ತದೆ. ಶಾಸನ, ನಾಣ್ಯ, ಕಡತ, ಪತ್ರವ್ಯವಹಾರಗಳನ್ನು ಆದರದಿಂದ ಕಾಣುವ ಇತಿಹಾಸಕಾರರು ಊಟದ ಮನೆಗಳ ಪಟ್ಟಿಯನ್ನು ಆಧಾರಸಾಮಗ್ರಿಯೆಂದು ಎಣಿಸುವುದು ವಿರಳ. ಆದರೆ ಒಂದು ನಗರದ ಜನರು ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಪಕ್ಕದಲ್ಲಿ ಕುಳಿತು ಉಣ್ಣುತ್ತಿದ್ದರೆಂಬುದು ಆ ನಗರದ ಸಮಾಜರಚನೆಯನ್ನು ತಿಳಿಯಲು ಅತ್ಯಂತ ಉಪಯುಕ್ತವಾದ ಸಂಗತಿ. ಪಂಕ್ತಿಭೇದವೆಂಬ ಮಾತಿನ ಅರ್ಥವನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ನ್ಯೂಯಾರ್ಕ್ ನಗರದ ಬ್ರಾಡ್‌ವೇ ನಾಟಕಪ್ರದೇಶದ ಭೋಜನಶಾಲೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸಿದ್ದೇವೆ. ಯಾವ ಭೋಜನಶಾಲೆ ಶ್ರೇಷ್ಠವೆಂದು ತೀರ್ಮಾನಿಸುವುದು ನಮ್ಮ ಉದ್ದೇಶವಲ್ಲ. ‘ಇಲ್ಲಿ ಊಟ ಮಾಡಿರಿ’ ಎಂಬ ಸಲಹೆ ಯಾರಿಗಾಗಿ ಬರೆದದ್ದು, ಯಾರಿಗೆ ಅದು ಅನ್ವಯಿಸುತ್ತಿರಲಿಲ್ಲ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಮೊದಲು ಸ್ಥಳದ ವಿಚಾರ. ನ್ಯೂಯಾರ್ಕಿನ ನಾಟಕಪ್ರದೇಶ ಒಂದೇ ಕಡೆ ನೆಲೆನಿಂತುದಲ್ಲ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಅದು ಮ್ಯಾನ್‌ಹಟನ್ ದ್ವೀಪದ ದಕ್ಷಿಣ ತುದಿಯಿಂದ ಉತ್ತರಕ್ಕೆ ಸರಿಯುತ್ತ ಬಂದಿತು. 1870ರ ಸುಮಾರಿಗೆ ಅದರ ಕೇಂದ್ರ 14ನೆಯ ಬೀದಿಯ ಯೂನಿಯನ್ ಚೌಕವಾಗಿತ್ತು. ಮುಂದೆ 23ನೆಯ ಬೀದಿಯ ಬಳಿಯ ಮ್ಯಾಡಿಸನ್ ಚೌಕವಾಯಿತು. 1883ರಲ್ಲಿ ಮೆಟ್ರೊಪಾಲಿಟನ್ ಸಂಗೀತನಾಟಕ ಮಂದಿರ 39ನೆಯ ಬೀದಿಯಲ್ಲಿ ತೆರೆಯಿತು. ಊಟದ ಮನೆಗಳೂ ಇದೇ ದಾರಿಯನ್ನು ಹಿಡಿದುವು. ನಗರದ ಅತ್ಯಂತ ಪ್ರಸಿದ್ಧ ಭೋಜನಶಾಲೆಯಾಗಿದ್ದ ಡೆಲ್ಮಾನಿಕೋಸ್ 1862ರಲ್ಲಿ 14ನೆಯ ಬೀದಿಗೂ, 1876ರಲ್ಲಿ ಮ್ಯಾಡಿಸನ್ ಚೌಕಕ್ಕೂ, 1897ರಲ್ಲಿ 44ನೆಯ ಬೀದಿಗೂ ಬಂದಿತೆಂಬುದನ್ನು ಗಮನಿಸಿದರೆ, ಅಡಿಗೆಯವನು ನಟನ ಹೆಜ್ಜೆಯನ್ನೇ ಅನುಸರಿಸಿದನೆಂಬುದು ಸ್ಪಷ್ಟವಾಗುತ್ತದೆ.

42ನೆಯ ಬೀದಿಯ ಉತ್ತರಕ್ಕಿದ್ದ ಲಾಂಗೇಕರ್ ಚೌಕ ಆಗ ಕುದುರೆಲಾಯಗಳಿಗೂ ಸಾರೋಟು ತಯಾರಕರಿಗೂ ಹೆಸರಾದ ಪ್ರದೇಶ. ಆಸ್ಕರ್ ಹ್ಯಾಮರ್‌ಸ್ಟೈನ್ ಎಂಬ ಸಾಹಸಿ 1895ರಲ್ಲಿ ಇಲ್ಲಿ ಒಲಿಂಪಿಯಾ ಎಂಬ ಭಾರಿ ಮನೋರಂಜನಮಂದಿರವನ್ನು ಕಟ್ಟಿದಾಗ ಇದು ದುಡುಕೆಂದೇ ತೋರಿತು. ಅವನ ಸಂಸ್ಥೆ ಬೇಗನೆ ದಿವಾಳಿಯಾಯಿತೆಂಬುದೂ ನಿಜ. ಆದರೆ ದಾರಿ ತೆರೆದಿತ್ತು. 1904ನೆಯ ಏಪ್ರಿಲ್‌ನಲ್ಲಿ ಈ ಚೌಕಕ್ಕೆ ಟೈಮ್ಸ್ ಚೌಕವೆಂದು ಹೊಸ ಹೆಸರು ಬಂದಿತು. ಅದೇ ವರ್ಷದ ಅಕ್ಟೋಬರ್ 27ರಂದು ನೆಲದಡಿಯ ರೈಲು ಓಡಲಾರಂಭಿಸಿತು. ನಾಟಕ ಮುಗಿದ ಮೇಲೆ ಮನೆಗೆ ಮರಳುವ ಚಿಂತೆ ಇಲ್ಲದವನು ಮಾತ್ರವೇ ನಿಧಾನವಾಗಿ ಊಟಕ್ಕೆ ಕುಳಿತುಕೊಳ್ಳಬಲ್ಲನು. ವಿದ್ಯುದ್ದೀಪವೂ ರಾತ್ರಿಯ ರೈಲೂ ಆ ನಿಶ್ಚಿಂತೆಯನ್ನು ಒದಗಿಸಿದುವು.

ಇಂಥ ಸನ್ನಿವೇಶದಲ್ಲಿ ಹುಟ್ಟಿದುವು ‘ಲಾಬ್‌ಸ್ಟರ್ ಅರಮನೆ’ಗಳೆಂದು ಹೆಸರಾದ ಭೋಜನಶಾಲೆಗಳು. ಲಾಬ್‌ಸ್ಟರ್ ಎಂಬುದು ಸಿಗಡಿಯ ಜಾತಿಗೆ ಸೇರಿದ ದೊಡ್ಡ ಕಡಲಜೀವಿ. ಅದರ ಭಕ್ಷ್ಯವೂ ಫ್ರಾನ್ಸಿನ ದ್ರಾಕ್ಷಾಮದ್ಯವೂ ನಾಟಕಾನಂತರದ ರಾತ್ರಿಯೂಟದ ಲಕ್ಷಣಗಳಾಗಿದ್ದುವು. ಷಿಕಾಗೋದಲ್ಲಿ ಸಿಂಪಿಮೀನಿನ ಭೋಜನಶಾಲೆ ನಡೆಸಿ ಹೆಸರು ಪಡೆದಿದ್ದ ಚಾರ್ಲ್ಸ್ ರೆಕ್ಟರ್ 1899ರಲ್ಲಿ ಲಾಂಗೇಕರ್ ಚೌಕದಲ್ಲಿ ತೆರೆದ ರೆಕ್ಟರ್ಸ್ ಇವುಗಳಲ್ಲಿ ಅಗ್ರಗಣ್ಯವಾದುದು. ತಿರುಗುಬಾಗಿಲನ್ನು ಮೊಟ್ಟಮೊದಲು ಅಳವಡಿಸಿಕೊಂಡ ಕಟ್ಟಡಗಳಲ್ಲಿ ಅದೂ ಒಂದೆಂದು ಹೇಳಲಾಗಿದೆ. ಷಾನ್ಲೀಸ್, ಚರ್ಚಿಲ್ಸ್, 1907ರಲ್ಲಿ 42ನೆಯ ಬೀದಿಯಲ್ಲಿ ತೆರೆದ ಮರ್ರೇಯವರ ರೋಮನ್ ಉದ್ಯಾನ ಮೊದಲಾದುವು ಅದರ ಪ್ರತಿಸ್ಪರ್ಧಿಗಳು. ರೋಮನ್ ಉದ್ಯಾನದ ಒಳಗೆ ಕೃತಕ ಕಾರಂಜಿಗಳೂ ಪ್ರತಿಮೆಗಳೂ ಇದ್ದುವು. ಅಂದರೆ ಭೋಜನಶಾಲೆಯೇ ಒಂದು ರಂಗಸಜ್ಜಿಕೆಯಾಗಿತ್ತು. ರಾತ್ರಿ ಹನ್ನೊಂದರ ಅನಂತರ ನಟಿಯರು ಒಳಗೆ ಬರುವಾಗ ಕುಳಿತವರೆಲ್ಲ ತಿರುಗಿ ನೋಡುತ್ತಿದ್ದರು. ನಾಟಕದ ಕೊನೆಯ ಅಂಕ ಇಲ್ಲಿ ನಡೆಯುತ್ತಿತ್ತೆಂದರೆ ಅತಿಶಯೋಕ್ತಿಯಲ್ಲ.

ಈ ಕಾಲದ ಬಗೆಗೆ ದೊರೆಯುವ ವರ್ಣನೆಗಳನ್ನು ಉಪಯೋಗಿಸುವಾಗ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ರೈಲ್ವೆ ಸಲಕರಣೆಗಳ ವ್ಯಾಪಾರದಲ್ಲಿ ಅಪಾರ ಹಣ ಗಳಿಸಿ ‘ವಜ್ರದ ಜಿಮ್’ ಎಂದು ಖ್ಯಾತನಾಗಿದ್ದ ಜೇಮ್ಸ್ ಬ್ರೇಡಿ (1856-1917) ಒಂದೇ ಊಟಕ್ಕೆ ಡಜನುಗಟ್ಟಲೆ ಸಿಂಪಿಮೀನುಗಳನ್ನೂ ಹಲವು ಲಾಬ್‌ಸ್ಟರುಗಳನ್ನೂ ತಿಂದು ಮುಗಿಸುತ್ತಿದ್ದನೆಂಬ ಕಥೆ ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದಿದೆ. ಇಂಥ ಕಥೆಗಳ ಮುಖ್ಯ ಮೂಲಗಳಲ್ಲಿ ಒಂದು ಚಾರ್ಲ್ಸ್ ರೆಕ್ಟರನ ಮಗ ಜಾರ್ಜ್ 1927ರಲ್ಲಿ ಪ್ರಕಟಿಸಿದ ನೆನಪುಗಳು. ಆ ವೇಳೆಗೆ ಬ್ರೇಡಿ ತೀರಿಕೊಂಡು ಹತ್ತು ವರ್ಷಗಳಾಗಿದ್ದುವು, ಭೋಜನಶಾಲೆಯೂ ಮುಚ್ಚಿಹೋಗಿತ್ತು, ಹಳೆಯ ವೈಭವವನ್ನು ಹಿಗ್ಗಿಸಿ ಹೇಳುವುದರಲ್ಲಿ ಲೇಖಕನಿಗೆ ಲಾಭವೂ ಇತ್ತು. ಗತವೈಭವದ ಸ್ಮರಣೆ ಒಂದು ಸಾಕ್ಷ್ಯವೇ ಹೌದು. ಆದರೆ ಅದು ಮುಖ್ಯವಾಗಿ ಸ್ಮರಿಸುವವನ ಕಾಲಕ್ಕೆ ಸಾಕ್ಷ್ಯ.

ವೈಭವದ ಈ ವರ್ಣನೆಗಳಲ್ಲಿ ಕಾಣಿಸದ ಇನ್ನೊಂದು ಮುಖವುಂಟು. 1907ರಲ್ಲಿ ಸ್ತ್ರೀಮತಾಧಿಕಾರ ಚಳುವಳಿಯ ನಾಯಕಿ ಹ್ಯಾರಿಯಟ್ ಸ್ಟ್ಯಾಂಟನ್ ಬ್ಲ್ಯಾಚ್ ತಮ್ಮ ಗೆಳತಿಯೊಬ್ಬರೊಡನೆ ಬ್ರಾಡ್‌ವೇ ರಸ್ತೆಯ ಹಾಫ್‌ಮನ್ ಹೌಸ್ ಹೋಟೆಲಿಗೆ ಸಂಜೆಯ ಊಟಕ್ಕೆ ಹೋದರು. ಜೊತೆಯಲ್ಲಿ ಪುರುಷರಿಲ್ಲದ ಸ್ತ್ರೀಯರಿಗೆ ಸಂಜೆಯ ಅನಂತರ ಊಟ ಬಡಿಸುವುದಿಲ್ಲವೆಂದು ಅಲ್ಲಿ ಹೇಳಿದರು. ಬ್ಲ್ಯಾಚ್ ನ್ಯಾಯಾಲಯಕ್ಕೆ ಹೋದರು, ಸೋತರು. ಈ ನಿಯಮಕ್ಕೆ ಕೊಡುತ್ತಿದ್ದ ಕಾರಣ ಗೌರವಸ್ಥ ಸ್ತ್ರೀಯರ ರಕ್ಷಣೆ. ಆದರೆ ಹಗಲೆಲ್ಲ ದುಡಿದು ಒಬ್ಬಳೇ ನಾಟಕಕ್ಕೆ ಬಂದ ಕಛೇರಿಯ ಬೆರಳಚ್ಚುಗಾತಿಗೂ, ಆಟ ಮುಗಿಸಿ ಹಸಿದು ಹೊರಬಂದ ನಟಿಗೂ ಈ ರಕ್ಷಣೆಯಿಂದ ಊಟ ತಪ್ಪುತ್ತಿತ್ತಲ್ಲದೆ ಬೇರೆ ಪ್ರಯೋಜನವಿರಲಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಸ್ತ್ರೀಯರ ವಿರುದ್ಧ ಭೇದ ಮಾಡಕೂಡದೆಂಬ ಕಾನೂನು ನ್ಯೂಯಾರ್ಕ್ ನಗರದಲ್ಲಿ ಜಾರಿಗೆ ಬಂದುದು 1970ರಲ್ಲಿ.

ವರ್ಣಭೇದದ ವಿಷಯದಲ್ಲಿ ಕಾನೂನು ಮುಂದಿತ್ತು, ಆಚರಣೆ ಹಿಂದಿತ್ತು. ಭೋಜನಶಾಲೆ, ವಸತಿಗೃಹ, ರಂಗಮಂದಿರಗಳಲ್ಲಿ ಬಣ್ಣದ ಕಾರಣದಿಂದ ಯಾರನ್ನೂ ನಿರಾಕರಿಸಬಾರದೆಂದು ನ್ಯೂಯಾರ್ಕ್ ರಾಜ್ಯ 1895ರಲ್ಲಿಯೇ ಶಾಸನ ಮಾಡಿತ್ತು. ಆದರೂ ನೀಗ್ರೋ ಜನಾಂಗದ ಮಹಾ ಹಾಸ್ಯನಟ ಬರ್ಟ್ ವಿಲಿಯಮ್ಸ್ 1910ರಿಂದ ಜೀಗ್‌ಫೆಲ್ಡ್‌ನ ವಿನೋದಪ್ರದರ್ಶನಗಳ ಪ್ರಧಾನ ಆಕರ್ಷಣೆಯಾಗಿದ್ದಾಗಲೂ, ವಸತಿಗೃಹಗಳಲ್ಲಿ ಅವನು ಹಿಂಬಾಗಿಲಿನಿಂದ ಹೋಗಬೇಕಾಗುತ್ತಿತ್ತೆಂದು ಸಹನಟ ಎಡ್ಡಿ ಕ್ಯಾಂಟರ್ ಸ್ಮರಿಸಿದ್ದಾನೆ. ರಂಗದ ಮೇಲೆ ಸಾವಿರಾರು ಜನರನ್ನು ನಗಿಸಿದವನು ಅದೇ ಪ್ರೇಕ್ಷಕರೊಡನೆ ಸಹಪಂಕ್ತಿಯಲ್ಲಿ ಕೂರಲಾರದವನಾಗಿದ್ದನು. ‘ನೀಗ್ರೋ’ ಎಂಬ ಆ ಕಾಲದ ಪದವನ್ನು ಆಫ್ರಿಕನ್ ಅಮೆರಿಕನ್ನರು ಇಂದು ಒಪ್ಪುವುದಿಲ್ಲವಾದ್ದರಿಂದ ಮುಂದೆ ನಾವು ಅದನ್ನು ಬಳಸಿಲ್ಲ.

ಲಾಬ್‌ಸ್ಟರ್ ಅರಮನೆಗಳ ಅವನತಿಗೆ ಕಾರಣಗಳು ಹಲವು. ರೆಕ್ಟರನ ಕುಸಿತಕ್ಕೆ ರಂಗಭೂಮಿಯೂ ಕೈಹಚ್ಚಿತೆಂಬುದು ಕುತೂಹಲಕರ. 1909ರಲ್ಲಿ ‘ರೆಕ್ಟರ್ಸ್‌ನ ಹುಡುಗಿ’ ಎಂಬ ತುಂಟ ಪ್ರಹಸನ ಪ್ರದರ್ಶಿತವಾಗಿ ಆ ಹೆಸರಿಗೆ ಮಸಿ ಬಳಿಯಿತು. ಅನಂತರ ಚಾರ್ಲ್ಸ್ ರೆಕ್ಟರ್ ಅದೇ ಸ್ಥಳದಲ್ಲಿ ದೊಡ್ಡ ವಸತಿಗೃಹವನ್ನು ಕಟ್ಟಿದಾಗ ಕುಟುಂಬಸ್ಥರು ಅಲ್ಲಿ ತಂಗಲು ಹಿಂಜರಿದರೆಂದು ಹೇಳುತ್ತಾರೆ. 1913ರಲ್ಲಿ ಅದು ದಿವಾಳಿಯಾಯಿತು. ಆದರೆ ಎಲ್ಲ ಭೋಜನಶಾಲೆಗಳಿಗೂ ಒಟ್ಟಿಗೆ ಬಿದ್ದ ಪೆಟ್ಟು ಪಾನನಿರೋಧ. 1920ನೆಯ ಜನವರಿಯಿಂದ 1933ನೆಯ ಡಿಸೆಂಬರ್ 5ರವರೆಗೆ ಅಮೆರಿಕದಲ್ಲಿ ಮದ್ಯಮಾರಾಟ ನಿಷಿದ್ಧವಾಗಿತ್ತು. ಈ ಭೋಜನಶಾಲೆಗಳು ಅಡಿಗೆಯಲ್ಲಿ ಕಳೆದುಕೊಂಡುದನ್ನು ಮದ್ಯದಲ್ಲಿ ಗಳಿಸುತ್ತಿದ್ದುವು. ಆ ಆದಾಯ ನಿಂತೊಡನೆ ಭಾರಿ ಬಾಡಿಗೆ, ವಾದ್ಯಗೋಷ್ಠಿ, ಪರಿಚಾರಕರ ಪಡೆ ಇವುಗಳ ವೆಚ್ಚ ಹೊರೆಯಾಯಿತು. ಡೆಲ್ಮಾನಿಕೋಸ್ 1923ರಲ್ಲಿ ಬಾಗಿಲು ಮುಚ್ಚಿತು. ಮರ್ರೇಯ ರೋಮನ್ ಉದ್ಯಾನವಿದ್ದ ಕಟ್ಟಡದಲ್ಲಿ ಮುಂದೆ ವಿಚಿತ್ರವಸ್ತುಗಳ ಅಗ್ಗದ ಪ್ರದರ್ಶನಾಲಯವೊಂದು ನೆಲಸಿತು.

ಪಾನನಿರೋಧದ ಪರಿಣಾಮವನ್ನು ನಾಶವೆಂದಷ್ಟೇ ವರ್ಣಿಸುವುದು ಅಸಮಗ್ರ. ಅರಮನೆಗಳು ಬಿದ್ದೆಡೆಯಲ್ಲಿ ಸಾಮಾನ್ಯರ ಊಟದ ಮನೆಗಳು ಬೆಳೆದುವು. ಇವುಗಳಲ್ಲಿ ಆಟೊಮ್ಯಾಟ್ ಅತ್ಯಂತ ಗಮನಾರ್ಹವಾದುದು. ಫಿಲಡೆಲ್ಫಿಯದ ಹಾರ್ನ್ ಮತ್ತು ಹಾರ್ಡಾರ್ಟ್ ಸಂಸ್ಥೆ 1912ನೆಯ ಜುಲೈ 2ರಂದು ಟೈಮ್ಸ್ ಚೌಕದಲ್ಲಿ ಇದನ್ನು ತೆರೆಯಿತು. ಗೋಡೆಯುದ್ದಕ್ಕೂ ಗಾಜಿನ ಪುಟ್ಟ ಬಾಗಿಲುಗಳು. ಒಂದೊಂದರ ಹಿಂದೆಯೂ ಒಂದೊಂದು ತಿನಿಸು. ಐದು ಸೆಂಟಿನ ನಾಣ್ಯವನ್ನು ಸೀಳಿನಲ್ಲಿ ಹಾಕಿ ಗುಂಡಿಯನ್ನು ತಿರುಗಿಸಿದರೆ ಬಾಗಿಲು ತೆರೆಯುತ್ತಿತ್ತು. ಒಂದು ಲೋಟ ಕಾಫಿಯ ಬೆಲೆ 1950ರವರೆಗೂ ಐದು ಸೆಂಟೇ ಆಗಿತ್ತು. ಇಲ್ಲಿ ಪರಿಚಾರಕರಿರಲಿಲ್ಲ, ಇನಾಮು ಕೊಡಬೇಕಾಗಿರಲಿಲ್ಲ, ಒಬ್ಬಳೇ ಬಂದ ಹೆಂಗಸನ್ನು ಬಾಗಿಲಲ್ಲಿ ತಡೆದು ಪ್ರಶ್ನಿಸುವವರಿರಲಿಲ್ಲ, ತೆರವಾದ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರಬಹುದಾಗಿತ್ತು. ಕೆಲಸವಿಲ್ಲದ ನಟ ಒಂದು ಲೋಟ ಕಾಫಿಯೊಡನೆ ಒಂದು ಮಧ್ಯಾಹ್ನವನ್ನೇ ಅಲ್ಲಿ ಕಳೆಯಬಹುದಾಗಿತ್ತು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1932ರಲ್ಲಿ, ಅರ್ವಿಂಗ್ ಬರ್ಲಿನ್ ಮತ್ತು ಮಾಸ್ ಹಾರ್ಟರ ‘ಫೇಸ್ ದಿ ಮ್ಯೂಸಿಕ್’ ಎಂಬ ಸಂಗೀತನಾಟಕ ಹಣ ಕಳೆದುಕೊಂಡ ಶ್ರೀಮಂತರನ್ನು ಆಟೊಮ್ಯಾಟಿನಲ್ಲಿ ಊಟಕ್ಕೆ ಕೂರಿಸಿ ಪ್ರೇಕ್ಷಕರನ್ನು ನಗಿಸಿತು. ಯಂತ್ರಕ್ಕೆ ಮನುಷ್ಯರ ಮೈಬಣ್ಣವಾಗಲಿ ಅಂತಸ್ತಾಗಲಿ ಕಾಣುವುದಿಲ್ಲ. ಆತಿಥ್ಯದ ದೃಷ್ಟಿಯಿಂದ ಇದು ಕೊರತೆಯೆನಿಸಬಹುದು. ಸಮತೆಯ ದೃಷ್ಟಿಯಿಂದ ಅದೊಂದು ಗುಣವೇ ಆಗಿತ್ತು. ನಗರದ ಕೊನೆಯ ಆಟೊಮ್ಯಾಟ್ 1991ರಲ್ಲಿ ಮುಚ್ಚಿತು.

ಇದೇ ಕಾಲದಲ್ಲಿ ವೃತ್ತಿಬಾಂಧವರ ಕೂಟಗಳಂತಿದ್ದ ಭೋಜನಶಾಲೆಗಳೂ ರೂಪುಗೊಂಡುವು. 44ನೆಯ ಬೀದಿಯ ಅಲ್ಗಾಂಕ್ವಿನ್ ಹೋಟೆಲಿನಲ್ಲಿ 1919ರಿಂದ ಸುಮಾರು ಹತ್ತು ವರ್ಷಗಳ ಕಾಲ ಅಲೆಕ್ಸಾಂಡರ್ ವುಲ್ಕಾಟ್, ಡೊರೊಥಿ ಪಾರ್ಕರ್, ಜಾರ್ಜ್ ಕಾಫ್‌ಮನ್ ಮೊದಲಾದ ವಿಮರ್ಶಕರೂ ನಾಟಕಕಾರರೂ ಮಧ್ಯಾಹ್ನದ ಊಟಕ್ಕೆ ದುಂಡುಮೇಜಿನ ಸುತ್ತ ಸೇರುತ್ತಿದ್ದರು. 1921ರಲ್ಲಿ ಲಿಯೊ ಲಿಂಡೆಮನ್ ತೆರೆದ ಲಿಂಡೀಸ್ ಗಿಣ್ಣಿನ ಸಿಹಿಗಡುಬಿಗೂ, ಜೂಜುಗಾರರು ಮತ್ತು ಗೀತಕಾರರ ಹರಟೆಗೂ ಹೆಸರಾಗಿತ್ತು. ಡೇಮನ್ ರನ್ಯನ್ ತನ್ನ ಕಥೆಗಳಲ್ಲಿ ಒಂದಕ್ಷರವನ್ನು ಬದಲಿಸಿ ‘ಮಿಂಡೀಸ್’ ಎಂದು ಚಿತ್ರಿಸಿದುದು ಇದನ್ನೇ.

ಆದರೆ ನಟರ ಪಾಲಿಗೆ ನಿಜವಾದ ತವರುಮನೆಯಾದುದು ಸಾರ್ಡೀಸ್. ಇಟಲಿಯ ಪೀಡ್ಮಾಂಟ್ ಪ್ರಾಂತದಿಂದ ಬಂದ ವಿನ್ಸೆಂಟ್ ಸಾರ್ಡಿಯೂ ಅವನ ಪತ್ನಿಯೂ 1921ರಲ್ಲಿ 44ನೆಯ ಬೀದಿಯಲ್ಲಿ ಒಂದು ಚಿಕ್ಕ ಊಟದ ಮನೆಯನ್ನು ತೆರೆದರು. ಹೊಸ ರಂಗಮಂದಿರಕ್ಕಾಗಿ ಆ ಕಟ್ಟಡವನ್ನು ಕೆಡವಿದಾಗ, ರಂಗಮಂದಿರಗಳ ಒಡೆಯರಾದ ಷೂಬರ್ಟ್ ಸಹೋದರರು ಅದೇ ಬೀದಿಯಲ್ಲಿ ತಾವು ಕಟ್ಟುತ್ತಿದ್ದ ಕಟ್ಟಡದಲ್ಲಿ ಸ್ಥಳ ಕೊಟ್ಟರು. 1927ನೆಯ ಮಾರ್ಚ್‌ನಲ್ಲಿ ಸಾರ್ಡೀಸ್ ಅಲ್ಲಿ ಪ್ರಾರಂಭವಾಯಿತು. ಗಿರಾಕಿಗಳನ್ನು ಸೆಳೆಯಲು ಸಾರ್ಡಿ ಅಲೆಕ್ಸ್ ಗಾರ್ಡ್ ಎಂಬ ರಷ್ಯಾದ ನಿರಾಶ್ರಿತ ಚಿತ್ರಕಾರನಿಂದ ನಟರ ವ್ಯಂಗ್ಯಚಿತ್ರಗಳನ್ನು ಬರೆಯಿಸಿ ಗೋಡೆಯ ಮೇಲೆ ತೂಗುಹಾಕಿದನು. ಚಿತ್ರಕ್ಕೆ ಪ್ರತಿಫಲ ಊಟ. ಚಿತ್ರಗಳ ಬಗ್ಗೆ ಸಾರ್ಡಿ ಆಕ್ಷೇಪಿಸಕೂಡದು, ಊಟದ ಬಗ್ಗೆ ಗಾರ್ಡ್ ಆಕ್ಷೇಪಿಸಕೂಡದು ಎಂಬುದು ಅವರ ಕರಾರು. 1948ರಲ್ಲಿ ತೀರಿಕೊಳ್ಳುವವರೆಗೂ ಗಾರ್ಡ್ ಇದನ್ನು ನಡೆಸಿದನು.

ಸಾರ್ಡಿಯ ಹೆಸರು ಉಳಿದುದು ಚಿತ್ರಗಳಿಂದ ಮಾತ್ರವೇ ಅಲ್ಲ. ನಾಟಕ ಸೋತು ಕೆಲಸ ಕಳೆದುಕೊಂಡ ನಟರಿಗೆ ಅವನು ಸಾಲದ ಮೇಲೆ ಊಟ ಹಾಕುತ್ತಿದ್ದನು. ಕೈಬರಿದಾದವನನ್ನೂ ಗೌರವದಿಂದ ಮೇಜಿಗೆ ಕರೆಯುತ್ತಿದ್ದನು. 1947ರಲ್ಲಿ ಟೋನಿ ಪ್ರಶಸ್ತಿಗಳನ್ನು ಮೊದಲ ಬಾರಿ ಹಂಚಿದಾಗ, ಇಪ್ಪತ್ತು ವರ್ಷಗಳ ಕಾಲ ರಂಗಭೂಮಿಯವರಿಗೆ ಆಸರೆಯಾದುದಕ್ಕಾಗಿ ಅವನಿಗೂ ಒಂದು ವಿಶೇಷ ಪ್ರಶಸ್ತಿ ದೊರೆಯಿತು. ಭೋಜನಶಾಲೆಯೂ ರಂಗಭೂಮಿಯ ಒಂದು ಅಂಗವೆಂದು ರಂಗಭೂಮಿಯೇ ಒಪ್ಪಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಹೊಸ ನಾಟಕದ ಮೊದಲ ರಾತ್ರಿ ನಟರು ಇಲ್ಲಿ ಸೇರಿ, ಹಿಂದಿನ ಬೀದಿಯಲ್ಲಿದ್ದ ‘ಟೈಮ್ಸ್’ ಪತ್ರಿಕೆಯ ಮುದ್ರಣಾಲಯದಿಂದ ವಿಮರ್ಶೆ ಹೊರಬರುವುದನ್ನು ಕಾಯುತ್ತಿದ್ದರು. ಮುಂದಿನ ತಿಂಗಳ ಅನ್ನ ಆ ಒಂದು ಅಂಕಣವನ್ನು ಅವಲಂಬಿಸಿತ್ತು.

ಇಷ್ಟಾದರೂ ಪಂಕ್ತಿಭೇದ ಅಳಿದಿರಲಿಲ್ಲ. 1930ರಲ್ಲಿ ರಿಯಾನ್ ಜೇಮ್ಸ್ ನ್ಯೂಯಾರ್ಕಿನ ಭೋಜನಶಾಲೆಗಳ ಕೈಪಿಡಿಯೊಂದನ್ನು ಪ್ರಕಟಿಸಿದ್ದನು. ಇಂಥ ಪುಸ್ತಕಗಳಿಗೆ ಆಗ ಒಳ್ಳೆಯ ಬೇಡಿಕೆಯಿತ್ತು. 1936ರಲ್ಲಿ ಹಾರ್ಲೆಮ್ ಪ್ರದೇಶದ ಅಂಚೆಪೇದೆ ವಿಕ್ಟರ್ ಗ್ರೀನ್ ಬೇರೊಂದು ಬಗೆಯ ಪಟ್ಟಿಯನ್ನು ಅಚ್ಚುಮಾಡಿಸಿದನು. ಕರಿಯ ಪ್ರಯಾಣಿಕರಿಗೆ ಯಾವ ವಸತಿಗೃಹ, ಯಾವ ಭೋಜನಶಾಲೆ ಅವಮಾನಮಾಡದೆ ಸ್ಥಳ ಕೊಡುತ್ತದೆಂಬುದನ್ನು ಅದು ತಿಳಿಸುತ್ತಿತ್ತು. ‘ಹಸುರು ಪುಸ್ತಕ’ವೆಂದು ಹೆಸರಾದ ಇದು ಮುಂದೆ ದೇಶದ ನಾನಾ ರಾಜ್ಯಗಳಿಗೆ ವಿಸ್ತರಿಸಿತಾದರೂ ಮೊದಲ ಆವೃತ್ತಿ ಸಿದ್ಧವಾದುದು ನ್ಯೂಯಾರ್ಕ್ ಮತ್ತು ಅದರ ಸುತ್ತಿನ ಪ್ರದೇಶಕ್ಕಾಗಿ. ವರ್ಣಭೇದವನ್ನು ಕಾನೂನಿನಿಂದ ನಿಷೇಧಿಸಿ ನಲವತ್ತು ವರ್ಷಗಳಾದ ಮೇಲೂ ಈ ಪಟ್ಟಿ ಬೇಕಾಯಿತೆಂಬುದೇ ಅದರ ಪ್ರತಿಯೊಂದು ಸಾಲಿಗಿಂತ ಹೆಚ್ಚಿನದನ್ನು ಹೇಳುತ್ತದೆ. ಮೊದಲಿನ ಕೈಪಿಡಿಗಳ ಪ್ರಶ್ನೆ ‘ಎಲ್ಲಿ ರುಚಿ?’ ಎಂಬುದು, ಇದರ ಪ್ರಶ್ನೆ ‘ಎಲ್ಲಿ ಮರ್ಯಾದೆ?’ ಎಂಬುದು.

1951ನೆಯ ಅಕ್ಟೋಬರ್‌ನಲ್ಲಿ ನಡೆದ ಒಂದು ಘಟನೆ ಈ ಪ್ರಶ್ನೆಯನ್ನು ಇಡೀ ದೇಶದ ಮುಂದಿಟ್ಟಿತು. ಪ್ಯಾರಿಸ್ಸಿನಲ್ಲಿ ಕೀರ್ತಿ ಗಳಿಸಿದ್ದ ಕರಿಯ ಗಾಯಕಿ ಜೋಸೆಫೀನ್ ಬೇಕರ್ ಆಗ ನ್ಯೂಯಾರ್ಕಿನ ರಾಕ್ಸಿ ರಂಗಮಂದಿರದಲ್ಲಿ ಕಾರ್ಯಕ್ರಮ ನೀಡುತ್ತಿದ್ದರು. ಒಂದು ರಾತ್ರಿ ಅವರು ಗಾಯಕ ರೋಜರ್ ರೀಕೋ ದಂಪತಿಗಳೊಡನೆ, ನಾಟಕಪ್ರದೇಶಕ್ಕೆ ಪೂರ್ವದಲ್ಲಿ 53ನೆಯ ಬೀದಿಯಲ್ಲಿದ್ದ ಸ್ಟಾರ್ಕ್ ಕ್ಲಬ್ಬಿಗೆ ಊಟಕ್ಕೆ ಹೋದರು. ರೀಕೋ ಆಗ ಬ್ರಾಡ್‌ವೇಯಲ್ಲಿ ‘ಸೌತ್ ಪೆಸಿಫಿಕ್’ ಎಂಬ ಸಂಗೀತನಾಟಕದ ನಾಯಕಪಾತ್ರ ವಹಿಸುತ್ತಿದ್ದನು. ವರ್ಣದ್ವೇಷದ ಅನ್ಯಾಯವೇ ಆ ನಾಟಕದ ವಸ್ತುಗಳಲ್ಲಿ ಒಂದೆಂಬುದು ಇಲ್ಲಿ ಸ್ಮರಣಾರ್ಹ. ಕೇಳಿದ ಊಟ ಬಹಳ ಹೊತ್ತಾದರೂ ತಮ್ಮ ಮೇಜಿಗೆ ಬರಲಿಲ್ಲವೆಂದೂ ಅದಕ್ಕೆ ತಮ್ಮ ಬಣ್ಣವೇ ಕಾರಣವೆಂದೂ ಬೇಕರ್ ದೂರಿತ್ತರು. ಕ್ಲಬ್ಬಿನವರು ಆರೋಪವನ್ನು ಅಲ್ಲಗಳೆದರು. ಕರಿಯರ ಹಕ್ಕುಗಳ ಸಂಘದವರು ಬಾಗಿಲ ಮುಂದೆ ಪ್ರತಿಭಟಿಸಿದರು. ನಗರಾಧ್ಯಕ್ಷರ ಸಮಿತಿ ವಿಚಾರಣೆ ನಡೆಸಿ, ಭೇದಭಾವ ರುಜುವಾತಾಗಿಲ್ಲವೆಂದು ತೀರ್ಪಿತ್ತಿತು.

ಈ ಪ್ರಕರಣದಿಂದ ಇತಿಹಾಸದ ವಿದ್ಯಾರ್ಥಿ ಕಲಿಯಬೇಕಾದ ಪಾಠವೊಂದುಂಟು. ಬಾಗಿಲಲ್ಲಿ ತಡೆದರೆ ಅದಕ್ಕೆ ಸಾಕ್ಷಿಗಳಿರುತ್ತಾರೆ. ಒಳಗೆ ಕೂರಿಸಿ ಎಲೆಯನ್ನು ಬರಿದಾಗಿ ಬಿಟ್ಟರೆ ಅದು ಅಸಡ್ಡೆಯೋ ಅವಮಾನವೋ ಎಂದು ರುಜುವಾತು ಮಾಡುವುದು ಕಷ್ಟ. ಆದ್ದರಿಂದಲೇ ಕಾನೂನಿನ ಕಡತಗಳನ್ನು ಮಾತ್ರ ಓದಿದವನು ನ್ಯೂಯಾರ್ಕಿನಲ್ಲಿ 1895ರಿಂದ ಪಂಕ್ತಿಭೇದವಿರಲಿಲ್ಲವೆಂದು ಬರೆದಾನು. ಹಸುರು ಪುಸ್ತಕವನ್ನು ಓದಿದವನು ಹಾಗೆ ಬರೆಯಲಾರನು.

ಕೊನೆಯದಾಗಿ ಹೊತ್ತಿನ ವಿಚಾರ. ನಾಟಕಪ್ರದೇಶದ ಊಟದ ಗಡಿಯಾರ ರಂಗದ ತೆರೆಯೇ. ತೆರೆ ರಾತ್ರಿ ಎಂಟೂವರೆಗೆ ಏಳುತ್ತಿದ್ದ ಕಾಲದಲ್ಲಿ ಮುನ್ನ ಊಟವೂ ಅನಂತರ ಉಪಾಹಾರವೂ ಸಾಧ್ಯವಾಗಿದ್ದುವು. ರಾತ್ರಿಯ ಬೀದಿಗಳ ಭಯ ಹೆಚ್ಚಿದ್ದ ದಿನಗಳಲ್ಲಿ, 1971ನೆಯ ಜನವರಿಯಿಂದ, ಪ್ರದರ್ಶನದ ಹೊತ್ತನ್ನು ಏಳೂವರೆಗೆ ಹಿಂದೂಡಲಾಯಿತು. ಕೆಲವು ವರ್ಷಗಳಲ್ಲಿ ಎಂಟು ಗಂಟೆ ರೂಢಿಗೆ ಬಂದಿತು. ಇದರಿಂದ ನಾಟಕಕ್ಕೆ ಮುಂಚಿನ, ನಿಗದಿಯಾದ ಬೆಲೆಯ, ಬೇಗನೆ ಮುಗಿಯುವ ಊಟಕ್ಕೆ ಪ್ರಾಧಾನ್ಯ ಬಂದಿತು. ಎಂಟನೆಯ ಮತ್ತು ಒಂಬತ್ತನೆಯ ರಾಜಬೀದಿಗಳ ನಡುವೆ 46ನೆಯ ಬೀದಿಯಲ್ಲಿ ಇಂಥ ಭೋಜನಶಾಲೆಗಳು ಸಾಲುಗಟ್ಟಿದುದರಿಂದ 1973ರಲ್ಲಿ ನಗರಾಡಳಿತ ಅದಕ್ಕೆ ‘ಭೋಜನಶಾಲೆಗಳ ಸಾಲು’ ಎಂಬ ಹೆಸರನ್ನೇ ಇಟ್ಟಿತು. 1906ರಲ್ಲಿ ಸ್ಥಾಪಿತವಾಗಿ 1925ರಲ್ಲಿ ಈ ಬೀದಿಗೆ ಬಂದ ಇಟಾಲಿಯನ್ ಭೋಜನಶಾಲೆ ಬಾರ್ಬೆಟ್ಟಾ, 1965ರಲ್ಲಿ ತೆರೆದ ಜೋ ಅಲೆನ್ ಇವು ಈ ಸಾಲಿನಲ್ಲಿ ಹೆಸರು ಗಳಿಸಿದುವು. ಸಾರ್ಡಿಯ ಗೋಡೆಯ ಮೇಲೆ ಗೆದ್ದವರ ಮುಖಗಳು. ಜೋ ಅಲೆನ್‌ನ ಗೋಡೆಯ ಮೇಲಾದರೋ ನೆಲಕಚ್ಚಿದ ನಾಟಕಗಳ ಭಿತ್ತಿಪತ್ರಗಳು. ಸೋಲನ್ನೂ ನಗುತ್ತ ನೆನೆಯುವ ಈ ವೃತ್ತಿಸ್ನೇಹ ಯಾವ ಕೈಪಿಡಿಯ ನಕ್ಷತ್ರಗಳಿಗೂ ಸಿಕ್ಕುವಂಥದಲ್ಲ.

ರಂಗಮಂದಿರಕ್ಕೂ ಊಟದ ಮನೆಗೂ ಇರುವ ಈ ನಂಟು ಮತ್ತೊಮ್ಮೆ ಪ್ರಕಟವಾದುದು 2020ನೆಯ ಮಾರ್ಚ್ 12ರಂದು. ಸಾಂಕ್ರಾಮಿಕ ರೋಗದ ಕಾರಣ ಬ್ರಾಡ್‌ವೇಯ ರಂಗಮಂದಿರಗಳೆಲ್ಲ ಅಂದು ಮುಚ್ಚಿದುವು. ಸುತ್ತಲಿನ ಭೋಜನಶಾಲೆಗಳೂ ಸ್ತಬ್ಧವಾದುವು. 2021ನೆಯ ಸೆಪ್ಟೆಂಬರ್‌ನಲ್ಲಿ ದೊಡ್ಡ ನಾಟಕಗಳು ಮರಳಿ ಆರಂಭವಾದ ಮೇಲೆ, ಆ ವರ್ಷದ ಕೊನೆಗೆ, ಸಾರ್ಡೀಸ್ ಮತ್ತೆ ಬಾಗಿಲು ತೆರೆಯಿತು. ಶತಮಾನದ ಹಿಂದೆ ಅಡಿಗೆಯವನು ನಟನ ಹೆಜ್ಜೆಯನ್ನು ಅನುಸರಿಸಿದನೆಂದೆವಲ್ಲ. ಈಗಲೂ ಅವನು ಅನುಸರಿಸಿದುದು ಅದನ್ನೇ.

ಮೇಲಿನ ವಿವೇಚನೆಯಿಂದ ನಾವು ಮುಟ್ಟುವ ನಿರ್ಣಯ ಸರಳವಾದುದು. ಯಾವುದೇ ಕಾಲದ ಉತ್ತಮ ಭೋಜನಶಾಲೆಗಳ ಪಟ್ಟಿ ಕೈಗೆ ಸಿಕ್ಕಾಗ ಅದರ ಪ್ರತಿಯೊಂದು ಹೆಸರಿಗೂ ಮೂರು ಪ್ರಶ್ನೆಗಳನ್ನು ಹಾಕಬೇಕು: ಅಲ್ಲಿಯ ಬಾಗಿಲು ಎಷ್ಟು ಹೊತ್ತಿಗೆ ತೆರೆದಿರುತ್ತಿತ್ತು? ಅಲ್ಲಿಯ ಬೆಲೆಯನ್ನು ಯಾರು ಕೊಡಬಲ್ಲವರಾಗಿದ್ದರು? ಹಣವಿದ್ದೂ ಹೊರಗೆ ನಿಂತವರು ಯಾರು? ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಪಟ್ಟಿಯಲ್ಲಿಯೇ ಇರುತ್ತದೆ. ಮೂರನೆಯದಕ್ಕೆ ಉತ್ತರ ಸಿಗಬೇಕಾದರೆ ಹೊರಗೆ ನಿಂತವರು ತಾವೇ ಮಾಡಿಕೊಂಡ ಪಟ್ಟಿಯನ್ನು ಹುಡುಕಬೇಕು. ನಮ್ಮ ವಿದ್ಯಾರ್ಥಿಗಳು ತಂತಮ್ಮ ಊರಿನ ಹಳೆಯ ಹೋಟೆಲುಗಳ ಮತ್ತು ನಾಟಕಗೃಹಗಳ ವಿಷಯದಲ್ಲಿ, ವೃದ್ಧರ ನೆನಪು ಮಾಸುವ ಮೊದಲೇ, ಈ ಮೂರು ಪ್ರಶ್ನೆಗಳನ್ನು ಕೇಳಲು ತೊಡಗಿದರೆ ಈ ಲೇಖನದ ಶ್ರಮ ಸಾರ್ಥಕವಾಯಿತೆಂದು ಭಾವಿಸುತ್ತೇವೆ.